ಸಂಬಳ ಕೇಳಿದವರು ಕಾಫಿರರಾದ ಬಗೆ

ಭಾರತದ ಶಾಲೆಗಳಲ್ಲಿ ಇತಿಹಾಸ ಓದಿದ ಬಹುಪಾಲು ಜನರಿಗೆ ಮುಹಮ್ಮದ್ ಬಿನ್ ಕಾಸಿಮನ ಹೆಸರು ಗೊತ್ತು. 711-12ರಲ್ಲಿ ಸಿಂಧ್ ಮೇಲೆ ದಂಡೆತ್ತಿ ಬಂದವನು. ಅವನನ್ನು ಕಳಿಸಿದವನು ಇರಾಕಿನ ಪ್ರಾಂತಾಧಿಪತಿ ಹಜ್ಜಾಜ್ ಬಿನ್ ಯೂಸುಫ್ ಎಂಬುದೂ ಕೆಲವರಿಗೆ ನೆನಪಿರಬಹುದು. ಅಲ್ಲಿಗೆ ಪಠ್ಯಪುಸ್ತಕ ಮುಂದಿನ ಪಾಠಕ್ಕೆ ಹೋಗಿಬಿಡುತ್ತದೆ. ಅದಕ್ಕೆ ಹನ್ನೆರಡು ವರ್ಷ ಮೊದಲು ಇದೇ ಹಜ್ಜಾಜ್ ಪೂರ್ವ ದಿಕ್ಕಿಗೆ ಇನ್ನೊಂದು ದೊಡ್ಡ ಸೈನ್ಯ ಕಳಿಸಿದ್ದ. ಆ ಸೈನ್ಯ ಇಂದಿನ ಅಫ್ಘಾನಿಸ್ತಾನದ ಬೆಟ್ಟಗಳಿಂದ ಹಿಂದಿರುಗಿ ಅವನ ಮೇಲೆಯೇ ಬಿತ್ತು, ದಮಾಸ್ಕಸ್‌ನಲ್ಲಿದ್ದ ಖಲೀಫನ ಗದ್ದುಗೆಯನ್ನೂ ಅಲುಗಾಡಿಸಿತು, ಕೊನೆಗೆ ಸೋತಿತು. ಈ ಕಥೆ ಇಲ್ಲಿನ ಪಠ್ಯಗಳಲ್ಲಿ ಇಲ್ಲ.

ಅದಕ್ಕೆ ಅದರ ನಾಯಕನ ಹೆಸರಿನಿಂದ ಇಬ್ನ್ ಅಶ್‌ಅಸನ ದಂಗೆ ಎನ್ನುತ್ತಾರೆ. ‘ಮುಸ್ಲಿಂ ಖಲೀಫನ ವಿರುದ್ಧ ಅರಬ್ಬರ ವಿಫಲ ದಂಗೆ’ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸುವುದೂ ಉಂಟು. ಆ ಸಾಲಿನಲ್ಲಿ ಸುಳ್ಳಿಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ದಂಗೆಯೆದ್ದವರು ಅರಬ್ಬರು ನಿಜ, ಖಲೀಫನೂ ಅರಬ್ಬನೇ. ಖಲೀಫ ಮುಸ್ಲಿಮ ನಿಜ, ದಂಗೆಯೆದ್ದವರೂ ಮುಸ್ಲಿಮರೇ. ಎರಡೂ ಕಡೆಗೆ ಸಮನಾಗಿ ಅನ್ವಯಿಸುವ ಎರಡು ವಿಶೇಷಣಗಳನ್ನು ಒಂದೊಂದು ಕಡೆಗೆ ಹಂಚಿಬಿಟ್ಟರೆ, ಜಗಳ ಯಾವುದರ ಬಗ್ಗೆ ಇತ್ತು ಎಂಬುದೇ ಮರೆಯಾಗುತ್ತದೆ.

ಆ ಜಗಳ ಬಹುಮಟ್ಟಿಗೆ ಸಂಬಳದ್ದು, ದೂರದ ವರ್ಗಾವಣೆಯದ್ದು, ಮನೆಗೆ ಹೋಗುವ ಹಕ್ಕಿನದ್ದು. ಅದನ್ನು ಅರಿತಿದ್ದವನು ಸ್ವತಃ ಖಲೀಫ. ಗೆದ್ದ ಮೇಲೆ ಅದನ್ನು ನಂಬಿಕೆಯ ಪ್ರಶ್ನೆಯಾಗಿ ತಿರುಗಿಸಿದವನು ಹಜ್ಜಾಜ್. ಆ ತಿರುಗಿಸಿದ ರೂಪವನ್ನೇ ಮೂಲವೆಂದು ಓದುವ ಅಭ್ಯಾಸ ಇಂದಿಗೂ ಹೋಗಿಲ್ಲ, ಮುಖ್ಯವಾಗಿ ಭಾರತದಲ್ಲಿ. ಇಲ್ಲಿ ‘ಮುಸ್ಲಿಂ’ ಎಂಬ ಪದ ಕಂಡ ಕೂಡಲೇ ಉಳಿದೆಲ್ಲ ಕಾರಣಗಳನ್ನು ಹುಡುಕುವ ಕೆಲಸ ನಿಂತುಹೋಗುತ್ತದೆ.

ನವಿಲಿನ ದಂಡು

ಕೂಫಾ ಮತ್ತು ಬಸ್ರಾ 638ರ ಆಸುಪಾಸಿನಲ್ಲಿ ಹುಟ್ಟಿದ ದಂಡಿನ ಊರುಗಳು. ಇರಾಕನ್ನು ಗೆದ್ದ ಅರಬ್ ಯೋಧರನ್ನು ಕುಟುಂಬ ಸಮೇತ ಅಲ್ಲಿ ನೆಲೆಗೊಳಿಸಿ, ಅವರ ಹೆಸರನ್ನು ದಿವಾನದ ಪಟ್ಟಿಯಲ್ಲಿ ಬರೆದು, ವರ್ಷಕ್ಕೆ ಇಷ್ಟು ಎಂದು ವೇತನ ಕೊಡಲಾಗುತ್ತಿತ್ತು. ಅಪ್ಪನ ಕಾಲದ ಯುದ್ಧದಿಂದ ಬಂದ ಈ ವೇತನವೇ ಮಗನ ಕಾಲಕ್ಕೆ ಮನೆಯ ಆಧಾರ. ಅರುವತ್ತು ವರ್ಷ ಕಳೆಯುವಷ್ಟರಲ್ಲಿ ಈ ಊರುಗಳಲ್ಲಿ ಮಸೀದಿ, ಸಂತೆ, ಕವಿಗಳು, ವ್ಯಾಕರಣದ ವಾದಗಳು, ಹಳೆಯ ಮನೆತನಗಳು ಎಲ್ಲವೂ ಬೇರುಬಿಟ್ಟಿದ್ದವು.

ಅಬ್ದುಲ್ ಮಲಿಕ್ ಬಿನ್ ಮರ್ವಾನ್ 685ರಿಂದ 705ರವರೆಗೆ ಖಲೀಫನಾಗಿದ್ದ. ಜೆರುಸಲೇಮಿನ ಬಂಡೆಗುಮ್ಮಟ ಕಟ್ಟಿಸಿದವನು, ಚಿತ್ರವಿಲ್ಲದ, ಬರಹವಷ್ಟೇ ಇರುವ ಚಿನ್ನದ ನಾಣ್ಯ ಹೊರಡಿಸಿದವನು ಇವನೇ. ಅವನ ಬಲವೆಲ್ಲ ಸಿರಿಯಾದ ಸೈನಿಕರಲ್ಲಿತ್ತು. ಇರಾಕಿನ ಮೇಲೆ ಹಿಡಿತ ಬೇಕೆಂದು 694ರಲ್ಲಿ ಅವನು ಹಜ್ಜಾಜನನ್ನು ಅಲ್ಲಿಗೆ ಕಳಿಸಿದ. ಹಜ್ಜಾಜ್ ತಾಯಿಫ್ ಊರಿನವನು, ಮೊದಲು ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು ಎಂದು ಹೇಳುತ್ತಾರೆ. 692ರಲ್ಲಿ ಮೆಕ್ಕಾಗೆ ಮುತ್ತಿಗೆ ಹಾಕಿ, ಪ್ರತಿಸ್ಪರ್ಧಿ ಖಲೀಫ ಇಬ್ನ್ ಜುಬೈರನನ್ನು ಮುಗಿಸಿದ್ದೂ ಅವನೇ. ಇರಾಕಿಗೆ ಬಂದು ಹೆಚ್ಚು ದಿನ ಕಳೆಯುವ ಮೊದಲೇ, ಹಿಂದಿನ ಆಡಳಿತ ಕೊಟ್ಟಿದ್ದ 100 ದಿರ್ಹಮ್ ವೇತನ ಹೆಚ್ಚಳವನ್ನು ಕಿತ್ತುಹಾಕಲು ಹೊರಟ. ಬಸ್ರಾದ ಸೈನಿಕರು ಇಬ್ನ್ ಜಾರೂದ್ ಎಂಬವನ ಹಿಂದೆ ನಿಂತು ದಂಗೆ ಎದ್ದರು. ಹಜ್ಜಾಜ್ ಅದನ್ನು ಅಡಗಿಸಿದ. ಇಬ್ನ್ ಅಶ್‌ಅಸನ ದಂಗೆಗೆ ಐದು ವರ್ಷ ಮೊದಲಿನ ಈ ಸಣ್ಣ ಗಲಭೆಯನ್ನು ಇತಿಹಾಸಕಾರರು ಬೇಗ ದಾಟಿಬಿಡುತ್ತಾರೆ. ಆದರೆ ಮುಂದಿನ ಕಥೆಯ ಬೀಜ ಅಲ್ಲಿಯೇ ಇದೆ.

698ರಲ್ಲಿ ಹಜ್ಜಾಜನ ಒಂದು ಸೈನ್ಯ ಜಾಬುಲಿಸ್ತಾನದ ದೊರೆಯ ಮೇಲೆ ಹೋಗಿ ಬೆಟ್ಟದ ಕಣಿವೆಗಳಲ್ಲಿ ಸಿಕ್ಕಿಹಾಕಿಕೊಂಡಿತು. ಹಸಿವು ಮತ್ತು ಚಳಿಗೆ ಅದರ ಬಹುಭಾಗ ಸತ್ತಿತು. ಅದಕ್ಕೆ ಉಳಿದ ಹೆಸರು ‘ನಾಶದ ಸೈನ್ಯ’. ಆ ಅವಮಾನ ತೀರಿಸಲು ಮರುವರ್ಷ ಹಜ್ಜಾಜ್ ಕೂಫಾದಿಂದ 20,000, ಬಸ್ರಾದಿಂದ 20,000 ಜನರನ್ನು ಎತ್ತಿದ ಎಂದು ತಬರಿಯ ಇತಿಹಾಸ ಲೆಕ್ಕ ಕೊಡುತ್ತದೆ. ಕುದುರೆ, ಕವಚ, ಬಟ್ಟೆ ಎಲ್ಲ ಎಷ್ಟು ಚೆಂದವಾಗಿದ್ದವೆಂದರೆ ಜನ ಅದನ್ನು ‘ನವಿಲಿನ ದಂಡು’ ಎಂದು ಕರೆದರು. ಅದರ ಮುಖ್ಯಸ್ಥನಾಗಿ ಹೋದವನು ಅಬ್ದುರ್ರಹಮಾನ್ ಬಿನ್ ಮುಹಮ್ಮದ್ ಬಿನ್ ಅಶ್‌ಅಸ್, ಕೂಫಾದ ಕಿಂದಾ ಕುಲದ ದೊಡ್ಡ ಮನೆಯವನು. ಅವನ ಅಜ್ಜ ಪ್ರವಾದಿಯ ಮರಣದ ನಂತರ ದಂಗೆ ಎದ್ದು ಸೆರೆಯಾದವನು. ಮೊದಲ ಖಲೀಫ ಅಬೂಬಕರ್ ಅವನಿಗೆ ಕ್ಷಮೆ ಕೊಟ್ಟಿದ್ದಲ್ಲದೆ ತಮ್ಮ ತಂಗಿಯನ್ನೂ ಮದುವೆ ಮಾಡಿಕೊಟ್ಟಿದ್ದರು. ದಂಗೆಯ ನಂತರವೂ ಬದುಕು ಇರಬಹುದು ಎಂಬ ನೆನಪು ಆ ಮನೆತನದಲ್ಲಿ ಇತ್ತು.

ಒಂದು ಪದ: ತಜ್ಮೀರ್

ಇಬ್ನ್ ಅಶ್‌ಅಸ್ ಹಿಂದಿನವರ ತಪ್ಪು ಮಾಡಲಿಲ್ಲ. ಗೆದ್ದ ಜಾಗದಲ್ಲಿ ಠಾಣೆ ಇಟ್ಟ, ದಾರಿಗಳನ್ನು ಭದ್ರ ಮಾಡಿದ, ಚಳಿಗಾಲ ಬರುತ್ತಿದೆ, ಮುಂದಿನ ಹೆಜ್ಜೆ ವಸಂತದಲ್ಲಿ ಎಂದು ಹಜ್ಜಾಜನಿಗೆ ಬರೆದ. ಹಜ್ಜಾಜನಿಂದ ಬಂದ ಉತ್ತರಗಳಲ್ಲಿ ಬೈಗುಳ ಇತ್ತು. ಹೇಡಿತನ ಬಿಟ್ಟು ಈಗಲೇ ಮುಂದೆ ನುಗ್ಗು, ಇಲ್ಲವಾದರೆ ಅಧಿಕಾರವನ್ನು ನಿನ್ನ ತಮ್ಮನಿಗೆ ಬಿಟ್ಟುಕೊಡು ಎಂಬ ಆಜ್ಞೆ. ಇಬ್ನ್ ಅಶ್‌ಅಸ್ ಆ ಪತ್ರದ ವಿಷಯವನ್ನು ಸೈನಿಕರ ಮುಂದೆ ಇಟ್ಟ.

ಅಲ್ಲಿ ನಡೆದ ಭಾಷಣಗಳ ಸಾರ ತಬರಿಯಲ್ಲಿದೆ. ಒಬ್ಬ ಹಿರಿಯ ಹೇಳಿದ್ದು ಇಷ್ಟು: ನಾವು ಗೆದ್ದರೆ ನೆಲವೂ ಕಂದಾಯವೂ ಅವನದು, ಸೋತರೆ ಪೀಡೆ ತೊಲಗಿತು ಎಂದುಕೊಳ್ಳುತ್ತಾನೆ. ಇನ್ನೊಬ್ಬ ಎದ್ದು, ಮಾತು ಕೇಳಿದರೆ ಹಜ್ಜಾಜ್ ನಮ್ಮನ್ನು ಬದುಕಿರುವಷ್ಟು ದಿನವೂ ಇಲ್ಲೇ ಇಟ್ಟುಬಿಡುತ್ತಾನೆ, ಹೆಂಡತಿ ಮಕ್ಕಳ ಮುಖ ನೋಡುವ ಮೊದಲೇ ಹೆಚ್ಚಿನವರು ಸಾಯುತ್ತಾರೆ ಎಂದ. ಅವನು ಬಳಸಿದ ಪದ ‘ತಜ್ಮೀರ್’. ಸೈನಿಕರನ್ನು ಗಡಿಯಲ್ಲಿಯೇ ತಡೆದಿಟ್ಟು ಮನೆಗೆ ಕಳಿಸದೆ ಇರುವುದಕ್ಕೆ ಅರಬ್ಬಿಯಲ್ಲಿ ಇರುವ ಪದ ಅದು. ಈ ಅರ್ಥಕ್ಕೆ ಕನ್ನಡದಲ್ಲಿ ಒಂಟಿ ಪದವಿಲ್ಲ. ಒಂದು ಕುಂದುಕೊರತೆಗೆ ತನ್ನದೇ ಪದ ಹುಟ್ಟಿದೆ ಎಂದರೆ, ಆ ಕಷ್ಟವನ್ನು ಅನುಭವಿಸಿದವರು ಒಬ್ಬಿಬ್ಬರಲ್ಲ, ಅದು ಒಂದೆರಡು ಬಾರಿ ನಡೆದದ್ದೂ ಅಲ್ಲ ಎಂದೇ ತಿಳಿಯಬೇಕು.

ಮೊದಲು ಮಾಡಿದ ಪ್ರತಿಜ್ಞೆ ಹಜ್ಜಾಜನನ್ನು ಇರಾಕಿನಿಂದ ಓಡಿಸುವುದಕ್ಕೆ ಮಾತ್ರ. ಖಲೀಫನ ಹೆಸರು ಅದರಲ್ಲಿ ಇರಲಿಲ್ಲ. ಜಾಬುಲಿಸ್ತಾನದ ದೊರೆಯೊಂದಿಗೆ, ಅಂದರೆ ತಾವು ಕೊಲ್ಲಲು ಹೋಗಿದ್ದ ಮುಸ್ಲಿಮೇತರ ದೊರೆಯೊಂದಿಗೆ, ಒಪ್ಪಂದ ಮಾಡಿಕೊಂಡರು: ಗೆದ್ದರೆ ಅವನಿಗೆ ಕಪ್ಪ ಮಾಫಿ, ಸೋತರೆ ಅವನು ಆಶ್ರಯ ಕೊಡಬೇಕು. ನಂತರ ಪಶ್ಚಿಮಕ್ಕೆ ನಡೆದರು. ಫಾರ್ಸ್ ಪ್ರಾಂತ ತಲುಪಿದಾಗ ಒಂದು ವಾದ ಎದ್ದಿತು. ಖಲೀಫನ ಪ್ರತಿನಿಧಿಯನ್ನು ಧಿಕ್ಕರಿಸಿ ಖಲೀಫನನ್ನು ಒಪ್ಪುವುದು ಹೇಗೆ? ಅಲ್ಲಿ ಅಬ್ದುಲ್ ಮಲಿಕನಿಗೆ ಕೊಟ್ಟಿದ್ದ ನಿಷ್ಠೆಯನ್ನೂ ಕಳಚಿದರು. ಮನೆಗೆ ಹೋಗಬೇಕು ಎಂದು ಹೊರಟವರು ಸಾಮ್ರಾಜ್ಯ ಬದಲಿಸುವ ಮಾತಿಗೆ ಬಂದದ್ದು ಹೀಗೆ.

701ರ ಜನವರಿಯಲ್ಲಿ ತುಸ್ತರ್ ಬಳಿ ಹಜ್ಜಾಜನ ಪಡೆ ಸೋತಿತು. ಬಸ್ರಾದ ಜನ ದಂಗೆಗಾರರನ್ನು ಸ್ವಾಗತಿಸಿದರು. ಅದಕ್ಕೂ ಕಾರಣ ಇತ್ತು. ಹಳ್ಳಿಗಳಲ್ಲಿ ಮತಾಂತರವಾದ ರೈತರು ತೆರಿಗೆ ತಪ್ಪಿಸಿಕೊಂಡು ಪೇಟೆ ಸೇರುತ್ತಿದ್ದಾರೆ, ವಸೂಲಿ ಇಳಿಯುತ್ತಿದೆ ಎಂದು ಅಧಿಕಾರಿಗಳು ಹಜ್ಜಾಜನಿಗೆ ಬರೆದಿದ್ದರು. ಅವರನ್ನು ಹಳ್ಳಿಗೆ ಅಟ್ಟುವಂತೆ ಅವನು ಆಜ್ಞೆ ಮಾಡಿದ. ಕೈ ಮೇಲೆ ಊರಿನ ಹೆಸರಿನ ಮುದ್ರೆ ಒತ್ತಿಸಿದ ಎಂಬ ವರದಿಯೂ ಇದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಆ ಜನ ಬಸ್ರಾದ ಹೊರಗೆ ಪ್ರವಾದಿಯ ಹೆಸರು ಕೂಗಿ ಅತ್ತರು, ಅವರನ್ನು ನೋಡಿ ಊರಿನ ಕುರ್‌ಆನ್ ಪಾಠಕರೂ ಅತ್ತರು ಎಂದು ತಬರಿ ಬರೆಯುತ್ತಾನೆ. ಇಸ್ಲಾಮಿನ ಹೆಸರಿನಲ್ಲಿ ಆಳುವ ಸರ್ಕಾರವೇ ಇಸ್ಲಾಂ ಸೇರಿದವರನ್ನು ಕಂದಾಯದ ಲೆಕ್ಕಕ್ಕಾಗಿ ಹಿಂದೆ ಕಳಿಸುತ್ತಿತ್ತು. ಆ ಸರ್ಕಾರದ ತೀರ್ಮಾನಗಳನ್ನು ಧರ್ಮದಿಂದಲೇ ವಿವರಿಸಲು ಹೊರಟರೆ ಈ ಘಟನೆಯನ್ನು ಎಲ್ಲಿ ಇಡುವುದು?

ಖಲೀಫ ಮುಂದಿಟ್ಟ ಷರತ್ತುಗಳು

ಬಸ್ರಾದ ಹತ್ತಿರ ಮಾರ್ಚಿನಲ್ಲಿ ಹಜ್ಜಾಜ್ ಒಂದು ಯುದ್ಧ ಗೆದ್ದ. ಇಬ್ನ್ ಅಶ್‌ಅಸ್ ತನ್ನ ಊರು ಕೂಫಾಗೆ ಹೋದ. ನಂತರ ಎರಡೂ ಸೈನ್ಯಗಳು ಕೂಫಾದ ಬಳಿ ದೈರುಲ್ ಜಮಾಜಿಮ್ ಎಂಬಲ್ಲಿ ಎದುರುಬದುರಾಗಿ ಕುಳಿತವು. ದೈರ್ ಎಂದರೆ ಕ್ರೈಸ್ತ ಸನ್ಯಾಸಿಗಳ ಮಠ, ಜಮಾಜಿಮ್ ಎಂದರೆ ತಲೆಬುರುಡೆಗಳು. ಸುಮಾರು ನೂರು ದಿನ ಕಾದಾಟ, ಕಂದಕ, ಮತ್ತೆ ಕಾದಾಟ. ಇಬ್ನ್ ಅಶ್‌ಅಸನ ಕಡೆ ದಿವಾನದಿಂದ ವೇತನ ಪಡೆಯುವವರೇ ಒಂದು ಲಕ್ಷ, ಅಷ್ಟೇ ಸಂಖ್ಯೆಯ ಅರಬ್ಬರಲ್ಲದ ಆಶ್ರಿತರು ಇದ್ದರು ಎಂಬ ಹಳೆಯ ಲೆಕ್ಕ ಉತ್ಪ್ರೇಕ್ಷೆ ಇರಬಹುದು. ಆದರೆ ಸಂಖ್ಯಾಬಲ ಅವರ ಕಡೆಗಿತ್ತು ಎನ್ನುವುದು ಮುಂದೆ ನಡೆದದ್ದರಿಂದ ತಿಳಿಯುತ್ತದೆ.

ಅಬ್ದುಲ್ ಮಲಿಕ್ ತನ್ನ ತಮ್ಮನನ್ನೂ ಮಗನನ್ನೂ ಸಂಧಾನಕ್ಕೆ ಕಳಿಸಿದ. ಅವರ ಕೈಯಲ್ಲಿದ್ದ ಷರತ್ತುಗಳು ಮೂರು. ಹಜ್ಜಾಜನನ್ನು ಇರಾಕಿನಿಂದ ತೆಗೆಯಲಾಗುವುದು. ಇರಾಕಿನ ಸೈನಿಕರಿಗೆ ಸಿರಿಯಾದ ಸೈನಿಕರಷ್ಟೇ ವೇತನ ಸಿಗುವುದು. ಇಬ್ನ್ ಅಶ್‌ಅಸ್ ಇರಾಕಿನಲ್ಲಿ ತಾನು ಬಯಸಿದ ಊರನ್ನು ಬದುಕಿರುವವರೆಗೆ ಆಳಬಹುದು.

ಈ ಮೂರು ಸಾಲುಗಳನ್ನು ನಿಧಾನವಾಗಿ ಓದಬೇಕು. ಎದುರಾಳಿಯ ಬೇಡಿಕೆ ಏನೆಂದು ಅರ್ಥ ಮಾಡಿಕೊಳ್ಳುವ ಅಗತ್ಯ ಬೇರೆ ಯಾರಿಗಿಂತಲೂ ಹೆಚ್ಚಾಗಿ ಖಲೀಫನಿಗೆ ಇತ್ತು. ತಪ್ಪಾಗಿ ಅರ್ಥ ಮಾಡಿಕೊಂಡರೆ ಗದ್ದುಗೆ ಹೋಗುತ್ತಿತ್ತು. ಅವನು ಕಳಿಸಿದ ಉತ್ತರದಲ್ಲಿ ನಮಾಜಿನ ಮಾತಿಲ್ಲ, ಪಾಪಕ್ಷಮೆಯ ಮಾತಿಲ್ಲ, ಯಾರು ನಿಜವಾದ ಮುಸ್ಲಿಮ ಎಂಬ ಚರ್ಚೆಯಿಲ್ಲ. ಒಬ್ಬ ಅಧಿಕಾರಿಯ ವಜಾ, ಸಮಾನ ಸಂಬಳ, ನಾಯಕನಿಗೆ ಒಂದು ಹುದ್ದೆ. ದಂಗೆಯನ್ನು ಸಂಧಾನದ ಭಾಷೆಗೆ ಇಳಿಸಿದಾಗ ಉಳಿದದ್ದು ಇಷ್ಟು. ಇಬ್ನ್ ಅಶ್‌ಅಸನ ದಂಗೆಯ ಬಗ್ಗೆ ಆ ಕಾಲದಿಂದ ಉಳಿದಿರುವ ಅತ್ಯಂತ ಸ್ಪಷ್ಟವಾದ ಅನುವಾದ ಇದೇ, ಅದನ್ನು ಮಾಡಿದ್ದು ಅವರ ಶತ್ರು.

ಯಾಕೆ ಒಪ್ಪಲಿಲ್ಲ?

ಇಬ್ನ್ ಅಶ್‌ಅಸ್ ಒಪ್ಪಿಕೊಳ್ಳೋಣ ಎಂದ. ಇದಕ್ಕಿಂತ ಹೆಚ್ಚು ಮತ್ತೆ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನ ಜನ ಒಪ್ಪಲಿಲ್ಲ. ಶತ್ರುವಿಗೆ ಊಟವಿಲ್ಲ, ಅವನು ಹೆದರಿದ್ದಾನೆ, ನಮ್ಮ ಹತ್ತಿರ ಜನ, ಧಾನ್ಯ, ನೆಲ ಎಲ್ಲ ಇದೆ ಎಂದು ಕೂಗಿ, ಎರಡನೆಯ ಸಲ ಅಬ್ದುಲ್ ಮಲಿಕನನ್ನು ಪದಚ್ಯುತಗೊಳಿಸಿರುವುದಾಗಿ ಸಾರಿದರು. ಅಧಿಕಾರ ಮರಳಿ ಹಜ್ಜಾಜನ ಕೈಗೆ ಹೋಯಿತು. ಕೆಲವೇ ವಾರಗಳಲ್ಲಿ ಅವರ ಸಾಲು ಒಡೆಯಿತು.

ಇರಾಕಿಗಳ ಚಂಚಲತೆಗೆ, ದುರಾಸೆಗೆ ಇದು ಉದಾಹರಣೆ ಎಂದು ಹೇಳುವುದು ರೂಢಿ. ಆದರೆ ಅವರ ಜಾಗದಲ್ಲಿ ನಿಂತು ನೋಡಿದರೆ ಸಂಗತಿ ಅಷ್ಟು ಸರಳವಿಲ್ಲ. ಹತ್ತು ವರ್ಷ ಹಿಂದೆ ದಮಾಸ್ಕಸ್‌ನಲ್ಲಿ ಅಮ್ರ್ ಬಿನ್ ಸಈದ್ ಎಂಬ ಖಲೀಫನ ಸಂಬಂಧಿಯೇ ದಂಗೆ ಎದ್ದಿದ್ದ. ಪ್ರಾಣಕ್ಕೆ ಅಪಾಯವಿಲ್ಲ ಎಂದು ಅಬ್ದುಲ್ ಮಲಿಕ್ ಮಾತು ಕೊಟ್ಟ ಮೇಲೆ ಶರಣಾದ. ಕೆಲವು ದಿನ ಬಿಟ್ಟು ಅರಮನೆಗೆ ಕರೆಸಿ ಅವನನ್ನು ಕೊಲ್ಲಲಾಯಿತು. ಖಲೀಫ ತನ್ನ ಕೈಯಿಂದಲೇ ಕೊಂದ ಎಂದೂ ಹೇಳುತ್ತಾರೆ. ಈ ಸುದ್ದಿ ಕೂಫಾಗೆ ತಲುಪಿರಲಿಲ್ಲ ಎಂದು ಯಾರೂ ನಂಬಲಾರರು. ಸ್ವಂತ ಸಂಬಂಧಿಗೆ ಕೊಟ್ಟ ಅಭಯವನ್ನೇ ಉಳಿಸಿಕೊಳ್ಳದವನು ಸಂಬಳದ ಪಟ್ಟಿಯಲ್ಲಿನ ಸಾಮಾನ್ಯ ಸೈನಿಕನಿಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಾನೆಯೇ? ಆಯುಧ ಕೆಳಗಿಟ್ಟ ಮರುದಿನ ಷರತ್ತು ನಡೆಸಿಕೊಡುವಂತೆ ಕೇಳಲು ಅವರ ಬಳಿ ಏನು ಉಳಿದಿರುತ್ತಿತ್ತು?

ಹಾಗಿದ್ದೂ ಅವರ ನಿರಾಕರಣೆ ತಪ್ಪೇ. ಅಪನಂಬಿಕೆಗೆ ಕಾರಣ ಇತ್ತು ಎಂಬುದು ಒಂದು ಮಾತು, ಅಪನಂಬಿಕೆಯ ಮೇಲೆ ಮುಂದಿನ ಯೋಜನೆ ಇತ್ತೇ ಎಂಬುದು ಇನ್ನೊಂದು. ಅಬ್ದುಲ್ ಮಲಿಕ್ ಬೇಡ ಎಂದವರು ಅವನ ಜಾಗಕ್ಕೆ ಯಾರು ಎಂದು ಹೇಳಲಿಲ್ಲ. ಇಬ್ನ್ ಅಶ್‌ಅಸ್ ಪ್ರವಾದಿಯ ಕುರೈಶ್ ಕುಲದವನಲ್ಲ, ಅವನು ಖಲೀಫನಾಗುವುದನ್ನು ಆ ಕಾಲದ ಹೆಚ್ಚಿನವರು ಒಪ್ಪುತ್ತಿರಲಿಲ್ಲ. ಸಂಬಳ ಸಮನಾಗಬೇಕು ಎಂಬ ಬೇಡಿಕೆಗೆ ಸ್ಪಷ್ಟ ಆಕಾರ ಇತ್ತು. ಸಾಮ್ರಾಜ್ಯ ಬದಲಾಗಬೇಕು ಎಂಬುದಕ್ಕೆ ಇರಲಿಲ್ಲ. ಮೊದಲನೆಯದನ್ನು ಖಲೀಫ ಕೊಡಲು ಬಂದಾಗ ಅವರು ಎರಡನೆಯದನ್ನು ಹಿಡಿದುಕೊಂಡಿದ್ದರು.

ಕಾಫಿರನೆಂದು ಒಪ್ಪಿಕೋ

ಗೆದ್ದ ಹಜ್ಜಾಜ್ ಕೂಫಾದಲ್ಲಿ ಕುಳಿತು ಜನರಿಂದ ಮತ್ತೆ ನಿಷ್ಠೆಯ ಪ್ರಮಾಣ ತೆಗೆದುಕೊಂಡ. ಪ್ರಮಾಣಕ್ಕೆ ಮೊದಲು ಒಂದು ಪ್ರಶ್ನೆ: ದಂಗೆ ಎದ್ದಾಗ ಕಾಫಿರನಾಗಿದ್ದೆ ಎಂದು ಒಪ್ಪುತ್ತೀಯಾ? ಹೌದು ಎಂದವನಿಗೆ ಜೀವದಾನ, ಇಲ್ಲ ಎಂದವನಿಗೆ ಕತ್ತಿ. ಎರಡೂ ಕಡೆ ಸೇರದೆ ದೂರ ಉಳಿದಿದ್ದ ಒಬ್ಬ ಮುದುಕನನ್ನೂ ಕೇಳಲಾಯಿತು. ಎಂಬತ್ತು ವರ್ಷ ದೇವರನ್ನು ಆರಾಧಿಸಿ ಈಗ ಕಾಫಿರ ಎಂದು ನನ್ನ ಮೇಲೆ ನಾನೇ ಸಾಕ್ಷಿ ಹೇಳಲಾರೆ ಎಂದ ಅವನನ್ನು ಕೊಂದರು. ಅವನ ನಂತರ ಬಂದ ಇನ್ನೊಬ್ಬನನ್ನು ನೋಡಿ, ಇವನೂ ಒಪ್ಪುವ ಹಾಗೆ ಕಾಣುವುದಿಲ್ಲ ಎಂದ ಹಜ್ಜಾಜ್. ಆತ ಥಟ್ಟನೆ, ಭೂಮಿಯ ಮೇಲೆ ನನಗಿಂತ ದೊಡ್ಡ ಕಾಫಿರನಿಲ್ಲ, ಫರೋಹನಿಗಿಂತ ನಾನೇ ಹೆಚ್ಚು ಎಂದುಬಿಟ್ಟ. ಹಜ್ಜಾಜ್ ನಕ್ಕು ಬಿಟ್ಟುಕಳಿಸಿದ.

ಇದನ್ನು ಓದುವಾಗ ನಗು ಬರುತ್ತದೆ, ಆದರೆ ಅಲ್ಲಿ ನಡೆದದ್ದು ಪದದ ಬದಲಾವಣೆ. ಕೆಲವೇ ತಿಂಗಳ ಹಿಂದೆ ಖಲೀಫ ‘ಸಮಾನ ವೇತನ’ ಎಂದು ಓದಿಕೊಂಡಿದ್ದ ಬೇಡಿಕೆಯನ್ನು ಹಜ್ಜಾಜ್ ‘ಕುಫ್ರ್’ ಎಂದು ಬರೆಸಿದ, ಅದಕ್ಕೆ ಬೇಡಿಕೆ ಇಟ್ಟವರಿಂದಲೇ ಸಹಿ ಪಡೆದ. ಸಂಬಳದ ಬೇಡಿಕೆಗೆ ಉತ್ತರ ಕೊಡಬೇಕಾಗುತ್ತದೆ. ನಂಬಿಕೆ ಕಳೆದುಕೊಂಡವನಿಗೆ ಉತ್ತರ ಕೊಡಬೇಕಾಗಿಲ್ಲ, ಅವನು ಪಶ್ಚಾತ್ತಾಪಪಟ್ಟರೆ ಸಾಕು.

ಇಬ್ನ್ ಅಶ್‌ಅಸ್ ಪೂರ್ವಕ್ಕೆ ಓಡಿ, ಒಪ್ಪಂದದಂತೆ ಜಾಬುಲಿಸ್ತಾನದ ದೊರೆಯ ಆಶ್ರಯ ಪಡೆದ. ಹಜ್ಜಾಜ್ ಬೆದರಿಕೆ ಹಾಕಿ, ಕೆಲವು ವರ್ಷ ಕಪ್ಪ ಮಾಫಿ ಮಾಡುವ ಆಸೆ ತೋರಿಸಿ ದೊರೆಯ ಮನಸ್ಸು ತಿರುಗಿಸಿದ. 704ರಲ್ಲಿ ಇಬ್ನ್ ಅಶ್‌ಅಸ್ ಸತ್ತ. ಕಾವಲುಗಾರನ ಜೊತೆ ಸಂಕೋಲೆ ಬಿಗಿದಿದ್ದಾಗಲೇ ಮಾಳಿಗೆಯಿಂದ ಹಾರಿದ ಎಂದು ಒಂದು ವರದಿ, ಕ್ಷಯದಿಂದ ಸತ್ತ ಎಂದು ಇನ್ನೊಂದು. ತಲೆಯನ್ನು ಹಜ್ಜಾಜನಿಗೆ ಕಳಿಸಲಾಯಿತು. ದಂಗೆಯ ಪರ ಹಾಡಿದ್ದ ಕವಿ ಅಅಶಾ ಹಮ್‌ದಾನನನ್ನು ಕೊಲ್ಲಿಸಲಾಯಿತು. ವಿದ್ವಾಂಸ ಶಅಬಿ ನೇರವಾಗಿ ತಪ್ಪೊಪ್ಪಿ ಉಳಿದ. ಸಈದ್ ಬಿನ್ ಜುಬೈರ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ತಲೆಮರೆಸಿಕೊಂಡಿದ್ದು, 714ರಲ್ಲಿ ಸಿಕ್ಕಿಬಿದ್ದು ಹತನಾದ. ಅದೇ ವರ್ಷ ಹಜ್ಜಾಜನೂ ಸತ್ತ.

ಧರ್ಮದ ಮಾತು ಇರಲಿಲ್ಲವೇ?

ಇತ್ತು. ದಂಗೆಯ ಮುಂಚೂಣಿಯಲ್ಲಿ ‘ಕುರ್‍ರಾ’ ಎಂಬವರ ಪ್ರತ್ಯೇಕ ತುಕಡಿಯೇ ಇತ್ತು. ಈ ಪದಕ್ಕೆ ಕುರ್‌ಆನ್ ಪಠಿಸುವವರು ಎಂಬುದು ವಾಡಿಕೆಯ ಅರ್ಥ. 1971ರಲ್ಲಿ ಎಂ. ಎ. ಶಾಬಾನ್ ಎಂಬ ಇತಿಹಾಸಕಾರ ಬೇರೆ ಅರ್ಥ ಮುಂದಿಟ್ಟರು: ಇದು ‘ಓದು’ ಎಂಬ ಧಾತುವಿನಿಂದ ಬಂದದ್ದಲ್ಲ, ‘ಕರ್ಯಾ’ ಅಂದರೆ ಹಳ್ಳಿ ಎಂಬ ಪದಕ್ಕೆ ಸಂಬಂಧಿಸಿದ್ದು, ಇರಾಕಿನ ಹಳ್ಳಿ ಜಮೀನುಗಳ ಮೇಲೆ ಹಕ್ಕಿದ್ದವರನ್ನು ಹೀಗೆ ಕರೆಯುತ್ತಿದ್ದರು ಎಂದು. ಹಾಗಾದರೆ ಇಡೀ ಚಿತ್ರ ಭಕ್ತರಿಂದ ಜಮೀನುದಾರರ ಕಡೆಗೆ ಸರಿಯುತ್ತದೆ. ಆದರೆ ಈ ದಂಗೆಯ ಮಟ್ಟಿಗೆ ಆ ವಾದ ನಿಲ್ಲುವುದು ಕಷ್ಟ. ಸಈದ್ ಬಿನ್ ಜುಬೈರ್, ಶಅಬಿಯಂಥವರು ವಿದ್ಯೆಗೇ ಹೆಸರಾದವರು. ಒಂದು ಪದದ ಮೂಲ ಬದಲಿಸಿ ಧರ್ಮವನ್ನು ಕಥೆಯಿಂದ ಹೊರಗೆ ಹಾಕಲು ಆಗುವುದಿಲ್ಲ, ಹಾಕಬೇಕಾದ ಅಗತ್ಯವೂ ಇಲ್ಲ.

ಅವರ ಭಾಷಣಗಳಲ್ಲಿ ಹಜ್ಜಾಜನ ಮೇಲಿರುವ ಆರೋಪಗಳು ಒಟ್ಟೊಟ್ಟಿಗೆ ಬರುತ್ತವೆ: ಅನ್ಯಾಯದ ಆಡಳಿತ, ದುರ್ಬಲರಿಗೆ ಅವಮಾನ, ನಮಾಜಿನ ಅಲಕ್ಷ್ಯ. ಏಳನೆಯ ಶತಮಾನದ ಇರಾಕಿನಲ್ಲಿ ‘ಇದು ಅನ್ಯಾಯ’ ಎಂದು ಸಾರ್ವಜನಿಕವಾಗಿ ಹೇಳಲು ಇದ್ದ ಭಾಷೆ ಧರ್ಮದ್ದೇ. ಯೂನಿಯನ್, ಸಂವಿಧಾನ, ಹಕ್ಕುಪತ್ರ ಯಾವುದೂ ಇಲ್ಲದ ಕಡೆ ದೇವರ ಗ್ರಂಥವೇ ಮೇಲ್ಮನವಿಯ ಕೋರ್ಟು. ಅವರ ಭಕ್ತಿ ನಾಟಕ ಎಂದು ಇದರ ಅರ್ಥವಲ್ಲ. ಭಕ್ತಿ ಮತ್ತು ಸಂಬಳ ಎರಡೂ ಒಬ್ಬನೇ ಮನುಷ್ಯನೊಳಗೆ ಇದ್ದವು ಎಂದಷ್ಟೇ.

ಧರ್ಮವೇ ಕಾರಣವಾಗಿದ್ದರೆ ಧರ್ಮಿಷ್ಠರೆಲ್ಲ ಒಂದೇ ಕಡೆ ಇರಬೇಕಿತ್ತು. ಆ ಕಾಲದ ಅತ್ಯಂತ ಗೌರವಾನ್ವಿತ ಸಂತ ಹಸನ್ ಬಸ್ರಿ ದಂಗೆಯನ್ನು ವಿರೋಧಿಸಿದರು. ಹಜ್ಜಾಜ್ ದೇವರು ಕಳಿಸಿದ ಶಿಕ್ಷೆ, ಅದನ್ನು ಕತ್ತಿಯಿಂದ ತಡೆಯಲಾಗದು, ಪ್ರಾರ್ಥನೆಯಿಂದ ಮಾತ್ರ ಎಂಬುದು ಅವರ ನಿಲುವು. ಅದೇ ಗ್ರಂಥ, ಅದೇ ಊರು, ಎರಡು ವಿರುದ್ಧ ತೀರ್ಮಾನ.

ಕುಲದ ಕಾರಣವನ್ನೂ ಹೇಳುತ್ತಾರೆ. ಇಬ್ನ್ ಅಶ್‌ಅಸ್ ದಕ್ಷಿಣ ಅರಬ್ಬರವನು. ಖುರಾಸಾನಿನ ಅಧಿಪತಿ ಯಜೀದ್ ಬಿನ್ ಮುಹಲ್ಲಬ್ ಓಡಿಬಂದ ದಂಗೆಗಾರರನ್ನು ಹಿಡಿದಾಗ ದಕ್ಷಿಣದವರನ್ನು ಬಿಟ್ಟು ಉತ್ತರದವರನ್ನು ಹಜ್ಜಾಜನಿಗೆ ಒಪ್ಪಿಸಿದ. ನಿಜ. ಆದರೆ ಒಪ್ಪಿಸಲು ಉತ್ತರದವರೂ ದಂಗೆಯಲ್ಲಿ ಇದ್ದರು ಎಂಬುದೇ ಅದು ಕುಲದ ದಂಗೆಯಲ್ಲ ಎಂಬುದಕ್ಕೆ ಸಾಕ್ಷಿ. ಸಿಂಧ್ ಮೂಲದಿಂದ ಬಂದು ಬಸ್ರಾದಲ್ಲಿ ನೆಲೆಸಿದ್ದ ‘ಝುತ್ತ್’ ಅಂದರೆ ಜಾಟರು ಸಹ ಇಬ್ನ್ ಅಶ್‌ಅಸನ ಜೊತೆ ಸೇರಿದ್ದರು, ಅದಕ್ಕಾಗಿ ಹಜ್ಜಾಜ್ ಅವರ ಮನೆ ಕೆಡವಿಸಿ ವೇತನ ಕಡಿತ ಮಾಡಿದ ಎಂದು ಬಲಾಜುರಿ ದಾಖಲಿಸುತ್ತಾನೆ. ಹಾಗಾಗಿ ‘ಅರಬ್ ದಂಗೆ’ ಎಂಬ ಹೆಸರೂ ಪೂರ್ತಿ ಸರಿಯಲ್ಲ.

ದಫ್ತರದ ಭಾಷೆ

ಈ ಗದ್ದಲದ ನಡುವೆ ಒಂದು ಸಾವು ಸದ್ದಿಲ್ಲದೆ ನಡೆಯಿತು. ಅರಬ್ಬರು ಇರಾಕನ್ನು ಗೆದ್ದು ಅರುವತ್ತು ವರ್ಷವಾಗಿದ್ದರೂ ಕಂದಾಯದ ಲೆಕ್ಕ ಪಾರ್ಸಿಯಲ್ಲಿಯೇ ಇತ್ತು. ಅದರ ಮುಖ್ಯಸ್ಥ ಜಾದಾನ್ ಫರ್ರುಖ್ ಎಂಬ ಪಾರ್ಸಿ ಅಧಿಕಾರಿ ದಂಗೆಯ ದಿನಗಳಲ್ಲಿ ಕೊಲೆಯಾದ. ಅವನ ಕೈಕೆಳಗಿದ್ದ ಸಾಲಿಹ್ ಬಿನ್ ಅಬ್ದುರ್ರಹಮಾನ್ ಆ ಜಾಗಕ್ಕೆ ಬಂದ. ಸಿಸ್ತಾನಿನಿಂದ ಸೆರೆಯಾಗಿ ಬಂದವರ ಕುಟುಂಬದವನು ಅವನು, ಎರಡೂ ಭಾಷೆ ಬಲ್ಲವನು. ಲೆಕ್ಕವನ್ನೆಲ್ಲ ಅರಬ್ಬಿಗೆ ತಿರುಗಿಸಲು ಹಜ್ಜಾಜ್ ಹೇಳಿದ. ಸತ್ತವನ ಮಗ ಮರ್ದಾನ್ ಶಾ ಬಂದು, ನಮ್ಮ ಭಿನ್ನರಾಶಿಗಳನ್ನು ಅರಬ್ಬಿಯಲ್ಲಿ ಹೇಗೆ ಬರೆಯುತ್ತೀ ಎಂದು ಸವಾಲು ಹಾಕಿದ. ‘ಹತ್ತರಲ್ಲಿ ಒಂದು’, ‘ಹತ್ತರಲ್ಲಿ ಒಂ­ದರ ಅರ್ಧ’ ಎಂದು ಬರೆಯುತ್ತೇನೆ ಎಂದ ಸಾಲಿಹ್. ಆಗುವುದಿಲ್ಲ ಎಂದು ಹೇಳಿಬಿಡು, ಒಂದು ಲಕ್ಷ ದಿರ್ಹಮ್ ಕೊಡುತ್ತೇವೆ ಎಂದು ಪಾರ್ಸಿ ಗುಮಾಸ್ತರು ಕೇಳಿಕೊಂಡರು. ಅವನು ಒಪ್ಪಲಿಲ್ಲ. ಬಲಾಜುರಿ ಹೇಳುವ ಈ ಕಥೆಯಲ್ಲಿ ಒಂದು ಸಾಮ್ರಾಜ್ಯದ ಭಾಷೆ ಬದಲಾಗುವುದು ಭಿನ್ನರಾಶಿಗೆ ಪದ ಸಿಕ್ಕಿದ ಕ್ಷಣದಲ್ಲಿ.

ದಿವಾನ, ವಸೂಲಿ, ಬಾಕಿ, ಅಮಲ್ದಾರ, ರೈತ: ಮೈಸೂರಿನ ಕಂದಾಯ ಇಲಾಖೆ ಬಳಸಿದ ಈ ಪದಗಳೆಲ್ಲ ಆ ಅರಬ್ಬಿ ಪಾರ್ಸಿ ದಫ್ತರಗಳ ಪರಂಪರೆಯಿಂದ ಬಹುಕಾಲ ನಡೆದು ಬಂದವು. ‘ರೈತ’ನ ಹಿಂದಿರುವ ಅರಬ್ಬಿ ಪದಕ್ಕೆ ಕಾಯಬೇಕಾದ ಹಿಂಡು, ಪ್ರಜೆ ಎಂದು ಅರ್ಥ.

ಸಾಲಿಹ್‌ನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹಜ್ಜಾಜ್ ಅವನ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಕೊಲ್ಲಿಸಿದ್ದ. 715ರಲ್ಲಿ ಹೊಸ ಖಲೀಫ ಸುಲೈಮಾನ್ ಬಂದು ಸಾಲಿಹ್‌ನನ್ನು ಇರಾಕಿನ ಕಂದಾಯದ ಮುಖ್ಯಸ್ಥನನ್ನಾಗಿ ಮಾಡಿದಾಗ, ಸಿಂಧಿನಿಂದ ಹಿಂದೆ ಕರೆಸಿದ ಒಬ್ಬ ಕೈದಿ ಅವನ ವಶಕ್ಕೆ ಬಂದ. ಹಜ್ಜಾಜನ ಸಂಬಂಧಿ ಎಂಬ ಕಾರಣಕ್ಕೆ ಸಾಲಿಹ್ ಅವನನ್ನು ವಾಸಿತ್ ಊರಿನ ಸೆರೆಮನೆಯಲ್ಲಿ ಹಿಂಸೆ ಕೊಟ್ಟು ಕೊಂದ. ಬಲಾಜುರಿಯ ಪ್ರಕಾರ ಮುಹಮ್ಮದ್ ಬಿನ್ ಕಾಸಿಮನ ಕೊನೆ ಹೀಗಾಯಿತು. ಭಾರತದ ಪಠ್ಯಗಳಲ್ಲಿ ‘ಅರಬ್ ಆಕ್ರಮಣ’ ಎಂಬ ತಲೆಬರಹದ ಕೆಳಗೆ ಬರುವ ಮನುಷ್ಯನನ್ನು ಕೊಂದದ್ದು ಹಿಂದೂ ದೊರೆಯಲ್ಲ, ಅನ್ಯಧರ್ಮೀಯನಲ್ಲ, ಹಜ್ಜಾಜನ ಮೇಲೆ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಕಾಯುತ್ತಿದ್ದ ಒಬ್ಬ ಮುಸ್ಲಿಂ ಲೆಕ್ಕಾಧಿಕಾರಿ.

ದಂಗೆ, ಬಂಡಾಯ, ಪಿತೂರಿ

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಮೂರು ಪದಗಳ ಆಯ್ಕೆ ಇದೆ. ‘ಪಿತೂರಿ’ ಅರಬ್ಬಿ ಮೂಲದ್ದು, ಮರಾಠಿಯ ‘ಫಿತೂರ್’ ಅದರ ಹತ್ತಿರದ ನೆಂಟ ಎಂಬುದು ಮುಂಬೈ, ಪುಣೆಯ ಕನ್ನಡಿಗರಿಗೆ ಗೊತ್ತು. ಆ ಪದದಲ್ಲಿ ದ್ರೋಹದ ವಾಸನೆ ಇದೆ. ‘ದಂಗೆ’ ಎಂದರೆ ಗಲಾಟೆ, ಕಾರಣ ಕೇಳಬೇಕಾಗಿಲ್ಲ. ‘ಬಂಡಾಯ’ ಎಂದಾಗ ಕಾರಣವೂ ಜೊತೆಗೆ ಬರುತ್ತದೆ. ನರಗುಂದದಲ್ಲಿ 1980ರಲ್ಲಿ ರೈತರು ನೀರಾವರಿ ಕರದ ವಿರುದ್ಧ ಎದ್ದದ್ದಕ್ಕೆ ಜನ ಬಂಡಾಯ ಎಂದರು. 1857ಕ್ಕೆ ಮಾತ್ರ ‘ಸಿಪಾಯಿ ದಂಗೆ’ ಎಂಬ ಹೆಸರು ಬಹುಕಾಲ ಅಂಟಿಕೊಂಡಿತ್ತು. ಅಲ್ಲಿಯೂ ನೆನಪಿನಲ್ಲಿ ಉಳಿದದ್ದು ಕೊಬ್ಬು ಸವರಿದ ತೋಟಾ. ಸಿಂಧಿಗೆ ಹೋದರೆ ಕೊಡುತ್ತಿದ್ದ ಭತ್ಯೆ ನಿಲ್ಲಿಸಿದ್ದಕ್ಕೆ 1844ರಲ್ಲಿಯೇ ಬಂಗಾಳದ ಸಿಪಾಯಿಗಳು ಮುಂದೆ ನಡೆಯಲು ನಿರಾಕರಿಸಿದ್ದು, 1856ರಲ್ಲಿ ಸಮುದ್ರದಾಚೆಯ ಸೇವೆಯನ್ನು ಕಡ್ಡಾಯ ಮಾಡಿದ್ದು ಹಿಂದೆ ಸರಿದವು. ತೋಟಾದ ಭಯ ನಿಜವೇ. ಆದರೆ ಭತ್ಯೆಯ ಕಥೆಗಿಂತ ಧರ್ಮದ ಕಥೆ ಆಳುವವರಿಗೆ ಹೆಚ್ಚು ಅನುಕೂಲ. ಮೂಢನಂಬಿಕೆಯಿಂದ ಕೆರಳಿದ ಜನ ಎಂದುಬಿಟ್ಟರೆ ಸಂಬಳದ ಪುಸ್ತಕ ತೆರೆಯಬೇಕಾಗಿಲ್ಲ.

ಇಬ್ನ್ ಅಶ್‌ಅಸನ ಜನರನ್ನು ಹೊಗಳಿ ಮೇಲಕ್ಕೇರಿಸುವ ಅಗತ್ಯವಿಲ್ಲ. ಅವರೂ ಜಾಬುಲಿಸ್ತಾನವನ್ನು ಲೂಟಿ ಮಾಡಲು ಹೋದವರು, ಇರಾಕಿನ ರೈತರ ಕಂದಾಯದಲ್ಲಿ ಬದುಕಿದವರು. ಅವರ ಕಥೆ ಬರೆದಿಟ್ಟ ಬಲಾಜುರಿ ಮತ್ತು ತಬರಿ ಇನ್ನೂರು ವರ್ಷದ ನಂತರ, ಈ ಖಲೀಫರ ವಂಶವನ್ನು ಉರುಳಿಸಿದ ಅಬ್ಬಾಸಿಗಳ ಕಾಲದಲ್ಲಿ ಬರೆದವರು. ಹಜ್ಜಾಜನನ್ನು ಕೆಟ್ಟವನಾಗಿ ತೋರಿಸುವುದು ಆ ಕಾಲಕ್ಕೆ ಹಿತವಾಗಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಷ್ಟೆಲ್ಲ ಕಳೆದ ಮೇಲೂ ಆ ಮೂರು ಷರತ್ತುಗಳು ಉಳಿಯುತ್ತವೆ. ಒಂದು ಜನರ ಕೂಗನ್ನು ನಂಬಿಕೆ, ಕುಲ, ಸ್ವಭಾವ ಎಂದು ವಿವರಿಸುವ ಮೊದಲು, ಅವರನ್ನು ಸುಮ್ಮನಾಗಿಸಲು ಆಳುವವನು ಏನು ಕೊಡಲು ಸಿದ್ಧನಿದ್ದ ಎಂದು ನೋಡುವುದು ಒಳ್ಳೆಯ ಕ್ರಮ. ಈ ಕ್ರಮ ಏಳನೆಯ ಶತಮಾನಕ್ಕೆ ಮಾತ್ರ ಅನ್ವಯಿಸುವುದಲ್ಲ.

ಹಜ್ಜಾಜ್ ಕೂಫಾ ಮತ್ತು ಬಸ್ರಾದ ನಡುವೆ ಹೊಸ ಊರು ಕಟ್ಟಿಸಿ ಅಲ್ಲಿ ಸಿರಿಯಾದ ಸೈನ್ಯವನ್ನು ಇಟ್ಟ. ನಡುವಿನ ಊರು ಎಂಬ ಅರ್ಥದಲ್ಲಿ ಅದಕ್ಕೆ ವಾಸಿತ್ ಎಂದು ಹೆಸರಾಯಿತು. ಇರಾಕಿನ ಹಳೆಯ ಸೈನಿಕರ ಕೈಯಿಂದ ಯುದ್ಧವೂ ಅದರ ಜೊತೆಗಿನ ಮರ್ಯಾದೆಯೂ ಜಾರಿಹೋದವು. 720ರಲ್ಲಿ ಮತ್ತೊಂದು ದಂಗೆ, ಅದನ್ನು ಎಬ್ಬಿಸಿದವನು ಹಿಂದೆ ದಂಗೆಗಾರರನ್ನು ಹಿಡಿದು ಒಪ್ಪಿಸಿದ್ದ ಯಜೀದ್ ಬಿನ್ ಮುಹಲ್ಲಬ್. 740ರಲ್ಲಿ ಕೂಫಾದಲ್ಲಿ ಇನ್ನೊಂದು. ಎರಡೂ ಸೋತವು. 749ರಲ್ಲಿ ಪೂರ್ವದಿಂದ, ಖುರಾಸಾನಿನಿಂದ ಹೊರಟ ಸೈನ್ಯವೊಂದು ಕೂಫಾ ತಲುಪಿತು. ಮೊದಲ ಅಬ್ಬಾಸಿ ಖಲೀಫನಿಗೆ ಆ ಊರಿನ ಮಸೀದಿಯಲ್ಲಿಯೇ ನಿಷ್ಠೆ ಸಲ್ಲಿಸಲಾಯಿತು. ಅಬ್ದುಲ್ ಮಲಿಕನ ವಂಶದ ಕೊನೆಯ ಸೈನ್ಯಗಳಲ್ಲಿ ಒಂದು ಆಗ ವಾಸಿತ್‌ನ ಗೋಡೆಗಳ ಒಳಗೆ ಮುತ್ತಿಗೆಗೆ ಸಿಕ್ಕಿ ಕುಳಿತಿತ್ತು.